ಈ ಕಲ್ಲು ಯಾಕೆ ನಿಲ್ಲಿಸಿದರು?

ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದ್ದೇನೆ. ಮೊದಲು ಪದವಿ ಕಾಲೇಜಿನಲ್ಲಿ, ಆಮೇಲೆ ವಿಶ್ವವಿದ್ಯಾಲಯದಲ್ಲಿ. ಶುರುವಿನ ಏಳೆಂಟು ವರ್ಷ ನಾನು ಮಾಡಿದ್ದು ನೋಟ್ಸ್ ಬರೆಸುವ ಕೆಲಸ. ಕದಂಬರು ಅಂದರೆ ಮಯೂರಶರ್ಮ. ಓದಲಿಕ್ಕೆ ಕಂಚಿಗೆ ಹೋದ, ಅಲ್ಲಿ ಪಲ್ಲವರ ಕಡೆಯವರ ಜೊತೆ ಜಗಳವಾಯಿತು, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ. ಹತ್ತು ಅಂಕದ ಪ್ರಶ್ನೆ ಅದು. ಮಕ್ಕಳು ಬರೆಯುತ್ತಿದ್ದರು, ನಾನು ಅಂಕ ಕೊಡುತ್ತಿದ್ದೆ.

ಈ ಕಥೆ ನಮಗೆ ಸಿಕ್ಕಿದ್ದು ತಾಳಗುಂದದ ಕಂಬದ ಶಾಸನದಿಂದ. ಶಿಕಾರಿಪುರ ತಾಲ್ಲೂಕಿನ ಆ ಊರಿನಲ್ಲಿ, ಪ್ರಣವೇಶ್ವರ ದೇವಸ್ಥಾನದ ಮುಂದೆ ಕಂಬ ಇದೆ. ಪಿಎಚ್‌.ಡಿ.ಗೆ ಸೇರಿದ ಮೇಲೆ ಆ ಶಾಸನವನ್ನು ಮೊದಲಿನಿಂದ ಕೊನೆಯವರೆಗೆ ಕೂತು ಓದಿದೆ. ಅಷ್ಟು ವರ್ಷ ಪಾಠ ಹೇಳಿದ್ದರೂ ಪೂರ್ತಿ ಓದಿರಲಿಲ್ಲ. ಓದಿ ಮುಗಿಸಿದ ದಿನ ರಾತ್ರಿ ನಿದ್ದೆ ಬರಲಿಲ್ಲ. ಆ ಕಂಬ ನಿಲ್ಲಿಸಿದ್ದು ಮಯೂರನ ಕಥೆ ಹೇಳುವುದಕ್ಕೆ ಅಲ್ಲ. ಅದೇ ವಂಶದ ಕಾಕುಸ್ಥವರ್ಮ ಶಿವನ ಗುಡಿಯ ಹತ್ತಿರ ಒಂದು ಕೆರೆ ಕಟ್ಟಿಸಿದ. ಆ ವಿಷಯ ಹೇಳಲಿಕ್ಕೆ ನಿಲ್ಲಿಸಿದ ಕಂಬ ಅದು. ಅವನ ಮಗ ಶಾಂತಿವರ್ಮನ ಕಾಲದಲ್ಲಿ ಕುಬ್ಜ ಎಂಬ ಕವಿ ಕಾವ್ಯ ಕಟ್ಟಿ, ತಾನೇ ಕಲ್ಲಿನ ಮೇಲೆ ಬರೆದ. ನಾವು ಜಗಳ ಇಟ್ಟುಕೊಂಡು ಕೆರೆ ಬಿಟ್ಟಿದ್ದೆವು.

ನನ್ನ ಸಂಶೋಧನೆಯ ವಿಷಯ ಅಲ್ಲೇ ನಿಂತಿತು: ಆ ಸೀಮೆಯ ಶಾಸನಗಳಲ್ಲಿ ಕೆರೆಗಳು.

ಮೊದಲು ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾ ಹಿಡಿದೆ. 1902ರಲ್ಲಿ ಬಂದ 7ನೇ ಸಂಪುಟದಲ್ಲಿ ಶಿಕಾರಿಪುರ ತಾಲ್ಲೂಕು ಇದೆ. ಕೆರೆ, ತೂಬು (ಕೆರೆಯ ನೀರು ಹೊರಬಿಡುವ ಕಿಂಡಿ), ಕೋಡಿ, ಏರಿ ಅನ್ನುವ ಮಾತು ಬಂದ ಕಡೆಯೆಲ್ಲ ಗುರುತು ಹಾಕುತ್ತಾ ಹೋದೆ. ಒಂದು ತಪ್ಪೂ ಮಾಡಿದೆ. ‘ಬಿತ್ತುವಟ್ಟ’ ಅಂತ ಬಂದದ್ದನ್ನು ಊರಿನ ಹೆಸರು ಅಂದುಕೊಂಡು ಲೇಖನ ಬರೆದುಬಿಟ್ಟೆ. ಹಿರಿಯ ವಿದ್ವಾಂಸರೊಬ್ಬರು ಕರೆದು ತಿಳಿಸಿದರು. ಕೆರೆ ಕಟ್ಟಿದವರಿಗೆ, ನೋಡಿಕೊಳ್ಳುವವರಿಗೆ ಬಿಟ್ಟುಕೊಡುವ ಭೂಮಿ ಅದು. ಲೇಖನ ವಾಪಸ್ ತಗೊಂಡು ತಿದ್ದಿದೆ. ಆಮೇಲೆ ಯಾವ ಪದವನ್ನೂ ಬೇರೆ ನಾಲ್ಕು ಶಾಸನಗಳಲ್ಲಿ ನೋಡದೆ ಬಳಸಿಲ್ಲ.

ಪುಸ್ತಕದ ಪಾಠ ಸಾಕಾಗುವುದಿಲ್ಲ, ಕಲ್ಲನ್ನೇ ನೋಡಬೇಕು. ಭಾನುವಾರ ಬಂದರೆ ಬೆಳಗಿನ ಮೊದಲ ಬಸ್ಸಿಗೆ ಶಿರಾಳಕೊಪ್ಪ, ಅಲ್ಲಿಂದ ಬಳ್ಳಿಗಾವಿ ಸುತ್ತಮುತ್ತ. ಬೆಳಗ್ಗೆಯೇ ಯಾಕೆ ಅಂದರೆ ಎಳೆ ಬಿಸಿಲು ಓರೆಯಾಗಿ ಬೀಳುತ್ತೆ, ಸವೆದ ಅಕ್ಷರಕ್ಕೂ ನೆರಳು ಬರುತ್ತೆ. ನೆತ್ತಿಯ ಬಿಸಿಲಲ್ಲಿ ಅದೇ ಕಲ್ಲು ಬೋಳಾಗಿ ಕಾಣುತ್ತೆ. ಗುಡಿಯೊಳಗಿನ ಕಲ್ಲಿಗೆ ಟಾರ್ಚನ್ನು ಪಕ್ಕದಿಂದ ಹಿಡಿಯಬೇಕು. ತೊಳೆಯಲು ನೀರು, ಮೆತ್ತನೆಯ ಬ್ರಷ್ ಸಾಕು. ತಂತಿ ಬ್ರಷ್ ಹಾಕಿ ಉಜ್ಜಿದರೆ ಸಾವಿರ ವರ್ಷ ಉಳಿದದ್ದು ಅರ್ಧ ಗಂಟೆಯಲ್ಲಿ ಹೋಗುತ್ತೆ. ಅಚ್ಚು ತೆಗೆಯುವುದಕ್ಕೆ ಕಾಗದ ನೆನೆಸಿ, ಕಲ್ಲಿಗೆ ಅಂಟಿಸಿ, ಬ್ರಷ್‌ನಿಂದ ತಟ್ಟಿ ತಟ್ಟಿ ಅಕ್ಷರದ ಗುಳಿಯೊಳಗೆ ಇಳಿಸಬೇಕು. ಇನ್ನೂ ಸ್ವಲ್ಪ ಪಸೆ ಇರುವಾಗ ಮಸಿ ಒತ್ತಬೇಕು. ಗುಳಿಯೊಳಗೆ ಮಸಿ ಹೋಗದು, ಅಕ್ಷರ ಬಿಳಿಯಾಗಿ ಎದ್ದು ಬರುತ್ತೆ. ಅದನ್ನು ಮೊದಲ ಸಲ ನೋಡಿದ ಹುಡುಗರ ಮುಖ ನೋಡಬೇಕು!

ಓದುವಾಗ ಮೊದಲು ಶಕ ವರ್ಷ ಹುಡುಕಿಸುತ್ತೇನೆ. ಅದಕ್ಕೆ 78 ಸೇರಿಸಿದರೆ ನಮ್ಮ ಇಸವಿ, ಹೆಚ್ಚೆಂದರೆ ಒಂದು ವರ್ಷ ಆಚೀಚೆ. ಜೊತೆಗಿರುವ ಸಂವತ್ಸರದ ಹೆಸರು ತಾಳೆಯಾಗುತ್ತಾ ನೋಡಬೇಕು. ರಾಜನ ಬಿರುದುಗಳನ್ನು ಹಾಗೇ ದಾಟಿ ಮುಂದೆ ಹೋಗಿ ಅನ್ನುತ್ತೇನೆ. ಯಾರು, ಯಾರಿಗೆ, ಏನು ಕೊಟ್ಟರು, ಎಷ್ಟು ಮತ್ತರು (ಆಗಿನ ಭೂಮಿಯ ಅಳತೆ), ಯಾವ ಕೆರೆಯ ಕೆಳಗೆ? ಜನ ಬದುಕಿದ್ದು ಆ ಸಾಲುಗಳಲ್ಲಿ. ಬಿರುದಿಗೆ ಆಮೇಲೆ ಬಂದರಾಯಿತು.

ಒಂದು ಊರಲ್ಲಿ ಕಲ್ಲಿಗೆ ದಿನಾ ಪೂಜೆ ನಡೆಯುತ್ತಿತ್ತು. ಎಣ್ಣೆ, ಕುಂಕುಮ ದಪ್ಪಗೆ ಕಟ್ಟಿ ಒಂದಕ್ಷರವೂ ಕಾಣುತ್ತಿರಲಿಲ್ಲ. ಪೂಜೆ ಮಾಡುವ ಅಜ್ಜಿಯನ್ನು ಕೇಳಿದೆ, “ಅಜ್ಜೀ, ಸ್ವಲ್ಪ ತೊಳೆದು ಓದಬಹುದಾ?” ಅವರು ಒಂದು ಗಳಿಗೆ ಸುಮ್ಮನಿದ್ದರು. “ತೊಳೀರಿ ಮೇಷ್ಟ್ರೇ. ಆದ್ರೆ ಏನು ಬರ್ದೈತೆ ಅಂತ ನಮಗೂ ಹೇಳ್ಬೇಕು.” ನಾಚಿಕೆಯಾಯಿತು. ಅಲ್ಲಿಯವರೆಗೆ ಎಷ್ಟೋ ಊರಿಂದ ಅಚ್ಚು ತಂದಿದ್ದೆ, ಯಾರಿಗೂ ಓದಿ ಹೇಳಿರಲಿಲ್ಲ. ಅವರ ಊರಿನ ಕಲ್ಲು, ಅವರಿಗೇ ಗೊತ್ತಿಲ್ಲ ಅಂದರೆ ಹೇಗೆ, ಅಲ್ವಾ?

ಅಂದು ಸಂಜೆ ಕಟ್ಟೆಯ ಮೇಲೆ ಕೂತು ಸಾಲು ಸಾಲಾಗಿ ಓದಿದೆ. ಹಳಗನ್ನಡ ಓದಿ, ಹೊಸಗನ್ನಡದಲ್ಲಿ ಹೇಳಿದೆ. ತೂಬಿನ ಮಾತು ಬಂದಾಗ ಹಿಂದೆ ನಿಂತಿದ್ದ ರೈತರೊಬ್ಬರು ತಡೆದರು. “ಆ ತೂಬು ಇದೆ ಸಾರ್. ಬ್ಯಾಸಿಗೇಲಿ ನೀರು ಇಳಿದಾಗ ಕಾಣ್ತದೆ.” ನನ್ನ ಪ್ರಬಂಧದಲ್ಲಿ ಆ ಕೆರೆ ‘ಈಗ ಇಲ್ಲ’ ಅಂತ ಬರೆದಿತ್ತು. ಏಪ್ರಿಲ್‌ನಲ್ಲಿ ಮತ್ತೆ ಹೋದೆ. ಕೆಸರಿನ ನಡುವೆ ಎರಡು ಕಲ್ಲುಕಂಬ, ಮೇಲೆ ಅಡ್ಡ ಹಾಸು. ಅಜ್ಜಿಯೂ ಏರಿಯ ಮೇಲೆ ಬಂದು ನಿಂತಿದ್ದರು. “ಇದೇನಾ ಆ ಕಲ್ಲು ಹೇಳಿದ್ದು?” ಅಂದರು.