ದಿನಕ್ಕೆ ಎರಡು ಬಸ್ ಬರುವ ರಸ್ತೆ ಹುಡುಕಿ: ಮಂಡ್ಯ ಸೀಮೆಯ ಸೈಕಲ್ ದಾರಿಗಳು

ಸೈಕಲ್ ತುಳಿಯಲು ಗಲಾಟೆ ಇಲ್ಲದ ರಸ್ತೆ ಯಾವುದು ಅಂತ ಕೇಳಿದವರಿಗೆಲ್ಲ ನಾನು ಒಂದೇ ಮಾತು ಹೇಳುತ್ತೇನೆ. ಆ ಊರಿಗೆ ದಿನಕ್ಕೆ ಎಷ್ಟು ಬಸ್ ಬರುತ್ತದೆ ಅಂತ ವಿಚಾರಿಸಿ.

ನಾನು ಇಪ್ಪತ್ತೊಂಬತ್ತು ವರ್ಷ ಕಂಡಕ್ಟರ್ ಆಗಿದ್ದೆ. ಹೆಚ್ಚಿನ ಕಾಲ ಪಾಂಡವಪುರ, ಶ್ರೀರಂಗಪಟ್ಟಣ ಸುತ್ತಿನ ಹಳ್ಳಿ ರೂಟುಗಳಲ್ಲೇ ಕಳೆಯಿತು. ರಾತ್ರಿ ಯಾವುದಾದರೂ ಊರಲ್ಲಿ ಹಾಲ್ಟ್, ಬೆಳಿಗ್ಗೆ ಆರಕ್ಕೆ ಅಲ್ಲಿಂದಲೇ ಮೊದಲ ಟ್ರಿಪ್. ರಿಟೈರ್ ಆದ ಮೇಲೆ ಒಂದು ಗೇರ್ ಸೈಕಲ್ ತಗೊಂಡು ಅದೇ ರಸ್ತೆಗಳಿಗೆ ಹೋದೆ. ಕಲೆಕ್ಷನ್ ಆಗದ ರೂಟುಗಳೇ ಸೈಕಲ್‌ಗೆ ಚಿನ್ನದಂಥ ರೂಟುಗಳು ಅಂತ ಆಗ ಗೊತ್ತಾಯಿತು.

ಬಸ್ಸೇ ಹೋಗದ ಊರಿನ ರಸ್ತೆಯಲ್ಲಿ ಹೆಚ್ಚಾಗಿ ಜಲ್ಲಿ ಎದ್ದಿರುತ್ತದೆ. ಅರ್ಧ ಗಂಟೆಗೊಂದು ಬಸ್ ಇದ್ದರೆ ಅದರ ಹಿಂದೆಯೇ ಲಾರಿ, ಕಾರು, ಆಟೋ ಎಲ್ಲ ಇರುತ್ತವೆ. ದಿನಕ್ಕೆ ಎರಡರಿಂದ ನಾಲ್ಕು ಬಸ್ ಇರುವ ರಸ್ತೆಗೆ ಡಾಂಬರು ಹಾಕಿರುತ್ತಾರೆ, ಗಾಡಿಗಳು ಮಾತ್ರ ಕಡಿಮೆ. ಬೆಳಿಗ್ಗೆ ಹಾಲಿನ ಗಾಡಿ, ಸ್ಕೂಲ್ ವ್ಯಾನ್, ಆಮೇಲೆ ಕುರಿ ಮಂದೆ. ಅಷ್ಟೇ.

ಕೇಳುವುದಕ್ಕೆ ಟೀ ಅಂಗಡಿ ಅಥವಾ ಹಾಲಿನ ಡೇರಿ ಸರಿಯಾದ ಜಾಗ. "ರಸ್ತೆ ಚೆನ್ನಾಗಿದೆಯಾ?" ಅಂತ ಕೇಳಬೇಡಿ. ಬೈಕಿನಲ್ಲಿ ಓಡಾಡುವವರಿಗೆ ಎಲ್ಲ ರಸ್ತೆಯೂ ಚೆನ್ನಾಗೇ ಇರುತ್ತದೆ. "ಬಸ್ ಎಷ್ಟೊತ್ತಿಗಣ್ಣ?" ಅಂತ ಕೇಳಿ. "ಬೆಳಿಗ್ಗೆ ಒಂದು, ಸಂಜೆ ಒಂದು ಕಣಣ್ಣ" ಅಂದರೆ ಧೈರ್ಯವಾಗಿ ತಿರುಗಿಸಿ. ಇನ್ನೊಂದು ಪ್ರಶ್ನೆಯನ್ನೂ ಮರೆಯಬೇಡಿ: "ಈ ಕಡೆ ಕ್ರಷರ್ ಏನಾದ್ರೂ ಐತಾ?" ಪಾಂಡವಪುರದ ಸುತ್ತ ಕಲ್ಲು ಕ್ವಾರಿಗಳಿವೆ. ಕಲ್ಲಿನ ಟಿಪ್ಪರ್ ಓಡಾಡುವ ರಸ್ತೆಯಲ್ಲಿ ಬಸ್ ಕಡಿಮೆ ಇದ್ದರೂ ಸೈಕಲ್ ಬೇಡ.

ಮೈಸೂರಿನಿಂದಲೇ ತುಳಿದುಕೊಂಡು ಹೊರಡುವ ಆಸೆ ಎಲ್ಲರಿಗೂ ಇರುತ್ತದೆ. ನಾನು ಬೇಡ ಅನ್ನುತ್ತೇನೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕ್, ಆಟೋ, ಟ್ರ್ಯಾಕ್ಟರ್, ಸೈಕಲ್ ಯಾವುದನ್ನೂ ಬಿಡುವುದಿಲ್ಲ. ಅವೆಲ್ಲ ಸರ್ವಿಸ್ ರಸ್ತೆಗೆ ಬಂದಿವೆ. ಅಲ್ಲಿ ನಿಮ್ಮ ಅರ್ಧ ಶಕ್ತಿ ಸುಮ್ನೆ ಖರ್ಚಾಗುತ್ತದೆ. ಸೈಕಲ್ಲನ್ನು ಕಾರಿಗೆ ಕಟ್ಟಿಕೊಂಡು ಶ್ರೀರಂಗಪಟ್ಟಣಕ್ಕೋ ಪಾಂಡವಪುರಕ್ಕೋ ಬಂದು ಅಲ್ಲಿಂದ ಶುರು ಮಾಡಿ.

ಹೊಸಬರಿಗೆ ನಾನು ತೋರಿಸುವುದು ಕಾವೇರಿ ಪಕ್ಕದ ದಾರಿ. ಶ್ರೀರಂಗಪಟ್ಟಣ ದಾಟಿ ಕರಿಘಟ್ಟದ ಕಡೆ ತಿರುಗಿ, ಮಹದೇವಪುರ, ಅರಕೆರೆ ಮೇಲೆ ಬನ್ನೂರು. ಗದ್ದೆ, ತೆಂಗು, ಕಬ್ಬು, ನಡುನಡುವೆ ಸಣ್ಣ ಏರು. ಅರಕೆರೆ, ಬನ್ನೂರು ದೊಡ್ಡ ಊರುಗಳು, ಸಂತೆಯ ದಿನ ಹುಷಾರು. ಕಾಲಲ್ಲಿ ಇನ್ನೂ ಕಸುವಿದ್ದರೆ ಬನ್ನೂರಿನಿಂದ ಸೋಮನಾಥಪುರಕ್ಕೆ ಹೋಗಿ. 1258ರ ಕೇಶವ ದೇವಸ್ಥಾನ, ಈಗ ವಿಶ್ವ ಪರಂಪರೆಯ ಪಟ್ಟಿಯಲ್ಲೂ ಇದೆ. ಬೆಳಿಗ್ಗೆ ಬೇಗ ಹೋದರೆ ಅಂಗಳದಲ್ಲಿ ನೀವೊಬ್ಬರೇ ಇರುತ್ತೀರಿ.

ಆದರೆ ನನ್ನ ಮನಸ್ಸಿರುವುದು ತೊಣ್ಣೂರು–ಮೇಲುಕೋಟೆ ಕಡೆಯ ದಾರಿಯಲ್ಲಿ. ಬೆಟ್ಟ ಸಾಲಿನ ನಡುವೆ ನಿಧಾನಕ್ಕೆ ಏರಿ ಇಳಿಯುವ ನೆಲ ಅದು. ಚಾಮುಂಡಿ ಬೆಟ್ಟದ ಹಾಗೆ ಒಂದೇ ಸಮ ಹತ್ತಿಸುವುದಿಲ್ಲ. ಒಂದು ದಿಬ್ಬ ಹತ್ತಿದರೆ ಒಂದು ಕೆರೆ ಏರಿ ಸಿಗುತ್ತದೆ, ಕೆರೆ ಏರಿ ದಾಟಿದರೆ ಇನ್ನೊಂದು ದಿಬ್ಬ.

ಪಾಂಡವಪುರದಿಂದ ಮೇಲುಕೋಟೆ ಕಡೆಯ ದೊಡ್ಡ ರಸ್ತೆ ಹಿಡಿದರೆ ಮೊದಲು ಕುಂತಿ ಬೆಟ್ಟದ ಬಂಡೆಗಳು ಕಾಣುತ್ತವೆ. ಬ್ರಿಟಿಷರ ಕಾಲದಲ್ಲಿ ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಅಂತ ಹೆಸರಿತ್ತು. ಟಿಪ್ಪುವಿನ ಪರ ಬಂದಿದ್ದ ಫ್ರೆಂಚ್ ಸೈನಿಕರು ಇಲ್ಲಿ ಬೀಡು ಬಿಟ್ಟಿದ್ದರಂತೆ. ಈ ದೊಡ್ಡ ರಸ್ತೆಯಲ್ಲಿ ಜಾಸ್ತಿ ಹೊತ್ತು ಇರಬೇಡಿ. ಕೆರೆ ತೊಣ್ಣೂರಿಗೆ ಎಡಕ್ಕೆ ತಿರುಗಿ. ಅಲ್ಲಿಂದಾಚೆಗೆ ಹಕ್ಕಿಯ ಸದ್ದು ಕೇಳುತ್ತದೆ, ನಿಮ್ಮ ಚೈನಿನ ಸದ್ದೂ ಕೇಳುತ್ತದೆ. ಚೈನಿಗೆ ಎಣ್ಣೆ ಬೇಕೋ ಬೇಡವೋ ಅಂತ ತಿಳಿಯುವುದೂ ಅಲ್ಲೇ.

ತೊಣ್ಣೂರು ಕೆರೆಗೆ ರಾಮಾನುಜರು ತಿರುಮಲಸಾಗರ ಅಂತ ಹೆಸರಿಟ್ಟರು ಅನ್ನುತ್ತಾರೆ. ನೀರು ಅಷ್ಟು ತಿಳಿಯಾಗಿದ್ದುದರಿಂದ ಆಮೇಲೆ ಮೋತಿ ತಲಾಬ್ ಅಂತಲೂ ಹೆಸರು ಬಂತು. ವಾರದ ದಿನ ಬೆಳಿಗ್ಗೆ ಏಳಕ್ಕೆ ಹೋಗಿ ನೋಡಿ. ಭಾನುವಾರ ಬೇಡ, ಕಾರುಗಳು ಬರುತ್ತವೆ. ನೀರಿಗೆ ಮಾತ್ರ ಇಳಿಯಬೇಡಿ, ಆಳ ಜಾಸ್ತಿ.

ಅಲ್ಲಿಂದ ಮುಂದಕ್ಕೆ ಬಡಗಣ ದಿಕ್ಕಿಗೆ ಊರೂರು ಕೇಳಿಕೊಂಡು ಹೋಗಬಹುದು. ಮೊದಲ ಸಲ ಹೋಗುವವರು ದೊಡ್ಡ ರಸ್ತೆಗೆ ವಾಪಸ್ ಬಂದು ಜಕ್ಕನಹಳ್ಳಿಯಿಂದ ಮೇಲುಕೋಟೆಗೆ ಹತ್ತುವುದು ಸುಲಭ. ಹತ್ತುವಾಗ ಗಾಬರಿ ಬೇಡ. ಏರು ಶುರುವಾಗುವ ಮೊದಲೇ ಗೇರ್ ಇಳಿಸಿ. ಪೆಡಲ್ ಬಿಗಿಯಾದ ಮೇಲೆ ಇಳಿಸಲು ಹೋದರೆ ಚೈನ್ ಕಳಚುತ್ತದೆ. ಸೀಟಿನಲ್ಲೇ ಕೂತು, ಪಕ್ಕದವರ ಜೊತೆ ಮಾತಾಡಲು ಆಗುವಷ್ಟು ಜೋರಾಗಿ ಮಾತ್ರ ತುಳಿಯಿರಿ. ಉಸಿರು ಕಟ್ಟಿದರೆ ಇಳಿದು ತಳ್ಳಿ. ನಾನು ಈಗಲೂ ಒಂದು ಕಡೆ ಇಳಿದು ನೀರು ಕುಡಿದೇ ಹತ್ತುತ್ತೇನೆ. ಮೇಲೆ ಕಲ್ಯಾಣಿ ನೋಡಿ, ಅಕ್ಕ ತಂಗಿ ಕೊಳ ನೋಡಿ, ಪುಳಿಯೋಗರೆ ತಿನ್ನಿ. ವೈರಮುಡಿ ಉತ್ಸವದ ಸಮಯದಲ್ಲಿ ಮಾತ್ರ ಸೈಕಲ್ ತರಬೇಡಿ. ಅವತ್ತು ಆ ರಸ್ತೆ ಭಕ್ತರದ್ದು.

ಈಗ ನಾಲೆ ಏರಿಯ ಮಾತು. ವಿಶ್ವೇಶ್ವರಯ್ಯ ನಾಲೆ ಪಕ್ಕದ ರಸ್ತೆಗಳು ನೋಡಲು ಬಲು ಚೆಂದ. ನೆರಳಿದೆ, ನೀರಿದೆ, ಏರಿಳಿತವೇ ಇಲ್ಲ. ಆದರೆ ಎಷ್ಟೋ ಕಡೆ ತಡೆಗೋಡೆ ಇಲ್ಲ. 2018ರ ನವೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸೊಂದು ನಾಲೆಗೆ ಬಿದ್ದು 30 ಜನ ತೀರಿಕೊಂಡರು. ಶಾಲೆ ಮಕ್ಕಳೂ ಇದ್ದರು. ಹಳ್ಳಿ ರೂಟಿನಲ್ಲಿ ಬದುಕು ಕಳೆದ ನನಗೆ ಅದು ಇವತ್ತಿಗೂ ಎದೆ ಭಾರವಾಗುವ ಸುದ್ದಿ. ಹಾಗಾಗಿ ನಾಲೆ ಏರಿ ಮೇಲೆ ಇಬ್ಬರು ಅಕ್ಕಪಕ್ಕ ಹೋಗಬೇಡಿ. ಎದುರಿಗೆ ಟ್ರ್ಯಾಕ್ಟರ್ ಬಂದರೆ ನೀರಿನ ಕಡೆ ಸರಿಯಬೇಡಿ, ಇಳಿದು ಹೊಲದ ಕಡೆ ನಿಲ್ಲಿ. ಕತ್ತಲಲ್ಲಿ ಅಲ್ಲಿಗೆ ಹೋಗಲೇಬೇಡಿ. ಕಬ್ಬು ತುಂಬಿದ ಟ್ರೈಲರ್‌ಗಳಿಗೆ ಹಿಂದೆ ಲೈಟ್ ಇಲ್ಲದ್ದೇ ಹೆಚ್ಚು.

ಕಾಲ ನೋಡಿ ಹೊರಡಬೇಕು. ಜೂನ್ ಕೊನೆಯಿಂದ ಆಷಾಢದ ಗಾಳಿ ಪಡುವಣದಿಂದ ಬೀಸುತ್ತದೆ. ಆಗ ಹೋಗುವಾಗ ಪಡುವಣಕ್ಕೆ ಹೋಗಿ, ದಣಿದು ವಾಪಸ್ ಬರುವಾಗ ಗಾಳಿಯೇ ತಳ್ಳುತ್ತದೆ. ಅಕ್ಟೋಬರ್‌ನಿಂದ ಜನವರಿಯವರೆಗೆ ಎಲ್ಲಕ್ಕಿಂತ ಒಳ್ಳೆಯ ಕಾಲ, ಮಂಜಿರುತ್ತದೆ, ಗದ್ದೆ ಹಸಿರಾಗಿರುತ್ತದೆ. ಏಪ್ರಿಲ್‌ನಲ್ಲಾದರೆ ಒಂಬತ್ತರೊಳಗೆ ಮನೆ ಸೇರಿ.

ಒಕ್ಕಣೆ ಕಾಲದ ಒಂದು ವಿಷಯ ಯಾರೂ ಹೇಳಿಕೊಡುವುದಿಲ್ಲ. ಗಾಡಿ ಕಡಿಮೆ ಇರುವ ರಸ್ತೆಯನ್ನೇ ರೈತರು ಕಣ ಮಾಡಿಕೊಳ್ಳುತ್ತಾರೆ. ರಾಗಿ ತೆನೆ, ಹುರುಳಿ ಗಿಡ ಹರಡಿರುತ್ತಾರೆ, ಓಡಾಡುವ ಗಾಡಿಯ ಚಕ್ರ ಹರಿದು ಕಾಳು ಬಿಡಲಿ ಅಂತ. ರಾಗಿ ಹುಲ್ಲು ಜಾರುತ್ತದೆ. ಹುರುಳಿ ಬಳ್ಳಿ ಅದಕ್ಕಿಂತ ಕೆಟ್ಟದ್ದು. ಮೊದಲ ವರ್ಷ ನಾನು ಅದರ ಮೇಲೆ ತುಳಿದುಕೊಂಡು ಹೋದೆ. ಬಳ್ಳಿ ಹಿಂದಿನ ಗೇರಿಗೆ ಸುತ್ತಿಕೊಂಡು, ಗೇರ್ ಹಿಡಿದಿರುವ ಪಟ್ಟಿಯೇ ಬಗ್ಗಿಹೋಯಿತು. ನಾಲ್ಕು ಕಿಲೋಮೀಟರ್ ತಳ್ಳಿದೆ. ಆಮೇಲಿನ ಊರಲ್ಲಿ ಒಬ್ಬ ಅಜ್ಜಿ ಕಣದಲ್ಲಿ ಕೂತಿದ್ದರು. "ಇಳ್ಕೊಂಡು ನಡಿಯಪ್ಪ, ನಿಂಗೂ ಒಳ್ಳೇದು, ಕಾಳಿಗೂ ಒಳ್ಳೇದು" ಅಂದರು. ಅಂದಿನಿಂದ ಕಣ ಕಂಡ ಕಡೆ ಇಳಿದು, ಅಂಚಿನಲ್ಲಿ ಸೈಕಲ್ ಎತ್ತಿಕೊಂಡೇ ದಾಟುತ್ತೇನೆ. ಅವರ ವರ್ಷದ ಅನ್ನ ಅದು.

ಸಾಮಾನು ಜಾಸ್ತಿ ಬೇಡ. 35 ಎಂಎಂ ಟೈರ್ ಇದ್ದರೆ ಹಳ್ಳಿ ರಸ್ತೆಗೆ ಹದವಾಗಿರುತ್ತದೆ. ಜಾಲಿ ಮುಳ್ಳು ಗ್ಯಾರಂಟಿ, ಆದ್ದರಿಂದ ಎರಡು ಟ್ಯೂಬ್, ಪ್ಯಾಚು, ಸಣ್ಣ ಪಂಪು ಇರಲಿ. ನಿಮ್ಮದು ತೆಳು ಮೂತಿಯ ವಾಲ್ವ್ ಆಗಿದ್ದರೆ ಬೈಕ್ ಪಂಪಿಗೆ ಹೊಂದುವ ಹಿತ್ತಾಳೆ ಅಡಾಪ್ಟರ್ ಒಂದನ್ನು ಜೇಬಿನಲ್ಲಿ ಇಟ್ಟುಕೊಳ್ಳಿ. ಹಳ್ಳಿಯ ಪಂಕ್ಚರ್ ಅಂಗಡಿಯಲ್ಲಿ ಅದು ಸಿಗುವುದಿಲ್ಲ. ನಾಯಿ ಅಟ್ಟಿಸಿಕೊಂಡು ಬಂದರೆ ಜೋರಾಗಿ ತುಳಿಯಬೇಡಿ. ಇಳಿದು, ಸೈಕಲ್ಲನ್ನು ನಡುವೆ ಇಟ್ಟುಕೊಂಡು ನಡೆಯಿರಿ. ನೂರಕ್ಕೆ ತೊಂಬತ್ತು ನಾಯಿ ಅಲ್ಲಿಗೇ ಸುಮ್ಮನಾಗುತ್ತದೆ.

ಹೊರಡುವ ಮೊದಲು ಸಂಜೆಯ ಬಸ್ ಎಷ್ಟೊತ್ತಿಗೆ ಅಂತಲೂ ತಿಳಿದುಕೊಳ್ಳಿ. ದಿನಕ್ಕೆ ಎರಡೇ ಬಸ್ ಅಂದರೆ ಕೆಟ್ಟು ನಿಂತಾಗಲೂ ಎರಡೇ ಅಲ್ವಾ. ಸೈಕಲ್ ಕೈಕೊಟ್ಟರೆ ಸ್ಟಾಪಿನಲ್ಲಿ ಮೊದಲೇ ಎರಡೂ ಚಕ್ರ ಬಿಚ್ಚಿ, ಫ್ರೇಮಿಗೆ ಕಟ್ಟಿ ಇಟ್ಟುಕೊಂಡು ಕಂಡಕ್ಟರನ್ನು ಕೇಳಿ. ಬಸ್ ಖಾಲಿ ಇದ್ದಾಗ ನಾನು ಹಾಗೆ ಕೇಳಿದವರನ್ನು ಹಿಂದಿನ ಸೀಟಿನ ಹತ್ತಿರ ಹತ್ತಿಸಿಕೊಂಡಿದ್ದೇನೆ.