ಅಂಕ ಎಷ್ಟು ಬಂತು ಅಲ್ಲ, ಎಲ್ಲಿಂದ ಬಂತು?

ಜೈಲಿಗೆ ಹೋಗದೆ ಕೋರ್ಟಿನ ಷರತ್ತಿನ ಮೇಲೆ ಹೊರಗಿರುವವರ ಮೇಲೆ ಕಣ್ಣಿಡುವವರು ಪ್ರೊಬೇಷನ್ ಆಫೀಸರ್. 1958ರ ಕಾಯ್ದೆಯಡಿ ನಮ್ಮಲ್ಲೂ ಇದ್ದಾರೆ. ಕೆನಡಾ, ಅಮೆರಿಕದಲ್ಲಿ ಅವರ ಕೈಗೆ ಅಂಕ ಹಾಕುವ ಪ್ರಶ್ನಾವಳಿಯನ್ನೂ ಕೊಡುತ್ತಾರೆ. ಕೆನಡಾದ ಆಂಡ್ರೂಸ್ ಮತ್ತು ಬೊಂಟಾ ರೂಪಿಸಿದ ಎಲ್‌ಎಸ್‌ಐ-ಆರ್ ಇವುಗಳಲ್ಲಿ ಹೆಸರುವಾಸಿ. ಅದರಲ್ಲಿ 10 ವಿಷಯ, 54 ಅಂಶ. ಅಂಕ ಜಾಸ್ತಿಯಾದಷ್ಟೂ ಮತ್ತೆ ತಪ್ಪು ಮಾಡುವ ಸಾಧ್ಯತೆ ಜಾಸ್ತಿ ಅಂತ ಲೆಕ್ಕ.

ಮೊದಲು ಫೈಲ್ ಓದಬೇಕು. ಆಮೇಲೆ ಎದುರು ಕೂರಿಸಿಕೊಂಡು ಮಾತು. ಫಾರಂ ನೋಡಿಕೊಂಡು ಸುಮ್ನೆ ಪ್ರಶ್ನೆ ಓದುತ್ತಾ ಹೋದರೆ ಕೆಲಸ ಕೆಟ್ಟಿತು. ‘ಕುಡೀತೀಯಾ?’ ಎಂದರೆ ‘ಯಾವಾಗಲೋ ಒಂದ್ಸಲ’ ಎಂಬ ಉತ್ತರ ರೆಡಿ ಇರುತ್ತದೆ. ‘ಹೋದ ಶನಿವಾರ ಸಂಜೆ ಏನ್ ಮಾಡಿದೆ, ಜೊತೆಗೆ ಯಾರಿದ್ದರು?’ ಎಂದು ಕೇಳಿ ನೋಡಿ. ಕುಡಿತ, ಗೆಳೆಯರು, ಬಿಡುವಿನ ವೇಳೆ, ಮೂರೂ ಒಟ್ಟಿಗೇ ಆಚೆ ಬರುತ್ತವೆ. ಹೇಳಿದ್ದನ್ನು ಮನೆಯವರ ಹತ್ತಿರವೋ ಕೆಲಸ ಕೊಟ್ಟವರ ಹತ್ತಿರವೋ ತಾಳೆ ನೋಡುವುದು ಮುಂದಿನ ಕೆಲಸ.

ಈಗ ಅಂಕಗಳನ್ನು ಬಿಡಿಸಿ ನೋಡಬೇಕು. 54ರಲ್ಲಿ 10 ಅಂಶ ಹಳೆಯ ಅಪರಾಧಗಳದ್ದೇ. ಅವನ್ನು ಯಾರೂ ಅಳಿಸಲಾರರು. ಕೆಲಸ, ಸಹವಾಸ, ಕುಡಿತದಂಥವು ಬದಲಾಗಬಲ್ಲವು. ಆಫೀಸರ್ ಕೈ ಹಾಕಬೇಕಾದ್ದು ಅಲ್ಲಿಗೆ. ಒಂದೇ ಅಂಕದ ಇಬ್ಬರಲ್ಲಿ ಒಬ್ಬನಿಗೆ ಕೆಲಸ ಬೇಕು, ಇನ್ನೊಬ್ಬನಿಗೆ ಕುಡಿತ ಬಿಡಿಸುವ ಚಿಕಿತ್ಸೆ ಬೇಕು ಎಂದಿರಬಹುದು. ಒಟ್ಟು ಅಂಕ ಇದನ್ನು ಹೇಳುವುದಿಲ್ಲ.

ಮುಂದೆ, ಎಷ್ಟು ಸಲ ಭೇಟಿ? ಅಂಕ ಜಾಸ್ತಿ ಇದ್ದವರಿಗೆ ಜಾಸ್ತಿ. ಕಡಿಮೆ ಇದ್ದವರನ್ನು ಆದಷ್ಟು ಅವರ ಪಾಡಿಗೆ ಬಿಡಬೇಕು. ಇದು ಎಷ್ಟೋ ಜನಕ್ಕೆ ಒಪ್ಪಿಗೆಯಾಗುವುದಿಲ್ಲ. ಆದರೆ ಯೋಚಿಸಿ: ನೆಟ್ಟಗೆ ಕೆಲಸಕ್ಕೆ ಹೋಗುವವನನ್ನು ವಾರ ವಾರ ಕರೆಸಿದರೆ ಸಂಬಳ ಹೋಗುತ್ತದೆ, ಕಾಯುವ ಬೆಂಚಿನಲ್ಲಿ ಹೊಸ ಸಹವಾಸ ಸಿಗುತ್ತದೆ. ಒಳ್ಳೇದಕ್ಕಿಂತ ಕೆಟ್ಟದ್ದೇ ಜಾಸ್ತಿ, ಅಲ್ವಾ?

ಅಂಕ ತಪ್ಪು ಅನ್ನಿಸಿದರೆ ಕಾರಣ ಬರೆದು, ಮೇಲಧಿಕಾರಿಯ ಒಪ್ಪಿಗೆ ಪಡೆದು, ಅಂಕದ ಮೇಲೆ ಸಿಕ್ಕ ಅಪಾಯದ ದರ್ಜೆಯನ್ನು ಬದಲಿಸಲು ದಾರಿ ಇದೆ. ಇದನ್ನೇ ಅಭ್ಯಾಸ ಮಾಡಿಕೊಂಡರೆ ಪ್ರಶ್ನಾವಳಿ ಇದ್ದೂ ಇಲ್ಲದಂತೆ. ಹಾಗೆಂದು ಅಂಕವನ್ನು ಕಣ್ಣು ಮುಚ್ಚಿ ನಂಬುವಂತೆಯೂ ಇಲ್ಲ. ಪೊಲೀಸರು ಜಾಸ್ತಿ ಸುತ್ತುವ ಬಡಾವಣೆಯ ಹುಡುಗನಿಗೆ ಬಂಧನದ ದಾಖಲೆಯೂ ಜಾಸ್ತಿ, ಅದರಿಂದ ಅಂಕವೂ ಏರಬಹುದು. ಶಿಕ್ಷೆ ಕೊಡುವಾಗ ಇಂಥ ಅಂಕವೊಂದನ್ನೇ ಆಧಾರ ಮಾಡಿಕೊಳ್ಳಬಾರದು ಎಂದು ಅಮೆರಿಕದ ವಿಸ್ಕಾನ್ಸಿನ್ ಸುಪ್ರೀಂ ಕೋರ್ಟ್ 2016ರಲ್ಲಿ ಲೂಮಿಸ್ ಪ್ರಕರಣದಲ್ಲಿ ಹೇಳಿತು.

ಕೆಲವು ತಿಂಗಳ ನಂತರ ಮತ್ತೆ ಅಂಕ ಹಾಕಬೇಕು. ಹುಡುಗನಿಗೆ ಗೋದಾಮಿನಲ್ಲಿ ರಾತ್ರಿ ಪಾಳಿ ಸಿಕ್ಕಿದೆ ಎನ್ನಿ. ಕೆಲಸದ ಅಂಕ ಇಳಿಯುತ್ತದೆ. ಶನಿವಾರ ಸಂಜೆಯ ಗೆಳೆಯರೂ ದೂರವಾದರೇ? ಅದನ್ನು ಮತ್ತೆ ಕೇಳಿಯೇ ಬರೆಯಬೇಕು.