ಸೆಡಾನ್ ಡಿಕ್ಕಿಯಲ್ಲಿ ಸಬ್: ಬಾಕ್ಸ್ ಹಿಂದಕ್ಕೆ, ಮುಖ ಲಿಡ್ ಕಡೆಗೆ

ಸೆಡಾನ್‌ಗೆ ಸಬ್ (ಬೇಸ್ ನುಡಿಸೋ ಸಬ್‌ವೂಫರ್ ಸ್ಪೀಕರ್) ಹಾಕುವಾಗ ಅದರ ಬಾಕ್ಸನ್ನು ಹಿಂದಿನ ಸೀಟಿನ ಹತ್ತಿರ ಇಟ್ಟು, ಕೋನ್ (ಸ್ಪೀಕರಿನ ಅಲುಗೋ ಮುಖ) ಮುಂದಕ್ಕೆ ತಿರುಗಿಸೋದು ನಮ್ಮಲ್ಲಿ ನಡೆದುಬಂದ ಪದ್ಧತಿ. ನಾನು ಬಾಕ್ಸನ್ನು ಟೇಲ್ ಲ್ಯಾಂಪ್ ಮೂಲೆಗೆ ತಳ್ಳಿ, ಕೋನ್‌ನ ಮುಖವನ್ನು ಲಿಡ್, ಅಂದರೆ ಡಿಕ್ಕಿ ಬಾಗಿಲಿನ ಕಡೆಗೆ ಮಾಡ್ತೀನಿ ಅಂದಾಗ ಈ ಕೆಲಸದಲ್ಲಿರುವವರು ಯಾರೂ ಒಪ್ಪಲಿಲ್ಲ. ಸದ್ದೆಲ್ಲ ಹಿಂದೆ ಬರುವ ಗಾಡಿಯವನಿಗೆ ಕೇಳುತ್ತೆ, ಸ್ಟೀರಿಂಗ್ ಹಿಡಿದವನಿಗೆ ಏನೂ ಸಿಗಲ್ಲ ಅನ್ನೋದು ಅವರ ವಾದ. ಈಗ ಹಾಗೆ ಹಾಕಿದ 300 ವ್ಯಾಟಿನ ಒಂದೇ ಒಂದು 10 ಇಂಚಿನ ಸಬ್, ಸೀಟಿಗೆ ಮುಖ ಮಾಡಿದ 12 ಇಂಚಿನದಕ್ಕಿಂತ ಗಟ್ಟಿಯಾಗಿ, ಬಿಗಿಯಾಗಿ ನುಡಿಯುತ್ತೆ. ಕಿವಿಯೂ ಅದನ್ನೇ ಹೇಳುತ್ತೆ, ಮೈಕೂ ಅದನ್ನೇ ತೋರಿಸುತ್ತೆ.

ಹಳೇ ಪದ್ಧತಿಯಲ್ಲಿ ಕೋನ್‌ಗೂ ಲಿಡ್‌ಗೂ ಹತ್ತಿರ ಹತ್ತಿರ ಒಂದು ಮೀಟರ್ ಅಂತರ ಇರುತ್ತೆ. ಹಿಂದಕ್ಕೆ ಹೋದ ಅಲೆ ಲಿಡ್‌ಗೆ ಬಡಿದು ತಡವಾಗಿ ವಾಪಸ್ ಬಂದು, ನೇರ ಬಂದದ್ದನ್ನು ತಿಂದುಹಾಕುತ್ತೆ. ಸದ್ದಿನ ವೇಗವಾದ 345 (ಸೆಕೆಂಡಿಗೆ ಮೀಟರ್) ಅನ್ನು ಆ ದೂರದ ನಾಲ್ಕು ಪಟ್ಟಿನಿಂದ ಭಾಗಿಸಿದರೆ ಕುಳಿ, ಅಂದರೆ ಸದ್ದು ತಗ್ಗಿಹೋಗೋ ಜಾಗ, ಎಲ್ಲಿ ಬೀಳುತ್ತೆ ಅಂತ ಗೊತ್ತಾಗುತ್ತೆ: ಒಂದು ಮೀಟರ್‌ಗೆ 86 ಹರ್ಟ್ಸ್. ಅಲೆ ಬಾಕ್ಸ್ ಸುತ್ತಿಕೊಂಡು ಹೋಗಬೇಕಾದ್ದರಿಂದ ನಿಜವಾದ ದಾರಿ ಟೇಪಿನ ಅಳತೆಗಿಂತ ಉದ್ದ. ನಾನು ಅಳೆದ ಗಾಡಿಗಳಲ್ಲಿ ಕುಳಿ 70–75 ಹರ್ಟ್ಸ್ ಆಸುಪಾಸಿಗೆ ಬಿದ್ದಿತ್ತು. ಕಿಕ್ ಡ್ರಮ್ಮಿನ ಪೆಟ್ಟು ಇರೋದೇ ಅಲ್ಲಿ. ಅದಕ್ಕೇ ಅಂಥ ಗಾಡಿಗಳಲ್ಲಿ ಸೀಟು ನಡುಗಿದರೂ ಎದೆಗೆ ಗುದ್ದು ಬರಲ್ಲ. ಈಕ್ವಲೈಜರ್‌ನಲ್ಲಿ ಆ ಜಾಗ ಎತ್ತಿದರೆ ಉಪಯೋಗವಿಲ್ಲ. ನೀವು ಎಷ್ಟು ಎತ್ತಿದಿರೋ ವಾಪಸ್ ಬರೋ ಅಲೆಯೂ ಅಷ್ಟೇ ಎತ್ತುತ್ತೆ. ಆಂಪ್ (ಆಂಪ್ಲಿಫೈಯರ್) ಬಿಸಿಯಾಗುತ್ತೆ, ಕುಳಿ ಹಾಗೇ ಉಳಿಯುತ್ತೆ. ಕೋನ್ ಲಿಡ್‌ನಿಂದ 20–25 ಸೆಂ.ಮೀ. ಇದ್ದರೆ ಅದೇ ಕುಳಿ 345 ಹರ್ಟ್ಸ್‌ಗೂ ಮೇಲೆ ಹೋಗುತ್ತೆ. ಸಬ್ ಅಷ್ಟು ಮೇಲೆ ನುಡಿಯೋದೇ ಇಲ್ಲ, ತಲೆನೋವು ಮುಗೀತು.

ಜಾಗ ಬದಲಿಸಿದ್ದಕ್ಕೇ 70 ಹರ್ಟ್ಸ್‌ನಲ್ಲಿ ಸುಮಾರು 6 ಡಿಬಿ (ಡೆಸಿಬೆಲ್, ಸದ್ದಿನ ಅಳತೆ) ವಾಪಸ್ ಸಿಕ್ಕಿತು. ಅದೇ 6 ಡಿಬಿ ಆಂಪ್‌ನಿಂದ ತೆಗೆಯಬೇಕಂದರೆ ನಾಲ್ಕು ಪಟ್ಟು ಪವರ್ ಬೇಕು, 300 ವ್ಯಾಟ್ ಇದ್ದದ್ದು 1200 ಆಗಬೇಕು. ದುಡ್ಡಿನ ಲೆಕ್ಕ ಇಲ್ಲೇ ಇದೆ.

ಹಾಗಾದರೆ ಇದನ್ನು ಪ್ರಯತ್ನಿಸಿದ ಉಳಿದವರಿಗೆ ಯಾಕೆ ಕೈಕೊಟ್ಟಿತು? ಬಾಕ್ಸನ್ನು ಹಿಂದಕ್ಕೆ ತಳ್ಳಿ ತಿರುಗಿಸಿದರು, ಒಂದು ಹಾಡು ಹಾಕಿದರು, ಬೇಸ್ ಕಡಿಮೆ ಅನ್ನಿಸಿತು, ಮತ್ತೆ ಮುಂದಕ್ಕೆ ಇಟ್ಟರು. ಫೇಸ್ (phase, ಸಬ್ಬಿನ ಅಲೆಯನ್ನು ಉಲ್ಟಾ ಮಾಡೋ ಸ್ವಿಚ್ಚು) ಮುಟ್ಟಲೇ ಇಲ್ಲ. ಬಾಕ್ಸ್ ತಿರುಗಿ ಹಿಂದಕ್ಕೆ ಹೋದಾಗ ಕಿವಿಗೆ ಬರೋ ದಾರಿ ಒಂದು ಮೀಟರಿನಷ್ಟು ಉದ್ದವಾಗುತ್ತೆ. 80 ಹರ್ಟ್ಸ್ ಅಲೆಯ ಉದ್ದ 4.3 ಮೀಟರ್, ಅಂದರೆ ಸಬ್ ಕಾಲು ಸುತ್ತು ಹಿಂದೆ ಬಿದ್ದು, ಡೋರ್ ಸ್ಪೀಕರ್‌ಗಳ ಜೊತೆ ಜಗಳಕ್ಕೆ ನಿಂತಿರುತ್ತೆ. ಕ್ರಾಸ್‌ಓವರ್ (ಸಬ್‌ಗೂ ಡೋರ್ ಸ್ಪೀಕರ್‌ಗೂ ಸದ್ದು ಹಂಚೋ ಫಿಲ್ಟರ್) 80ಕ್ಕೆ ಇಟ್ಟು, 80 ಹರ್ಟ್ಸ್ ಟೋನ್ ಹಾಕಿ, ಡ್ರೈವರ್ ಸೀಟಿನಲ್ಲಿ ಕೂತು ಫೇಸ್ 0–180 ಬದಲಿಸಿ ನೋಡಿ. ಯಾವುದು ಜೋರೋ ಅದು. ಗಾಜು ಪೂರ್ತಿ ಏರಿಸಿರಬೇಕು. ಒಂದು ಗಾಜು ಇಳಿದಿದ್ದರೂ 30–35 ಹರ್ಟ್ಸ್ ಕೆಳಗಿನ ಬೇಸ್ ಸೋರಿಹೋಗುತ್ತೆ.

ಡೀಲೇ (ಒಂದೊಂದು ಸ್ಪೀಕರಿನ ಸದ್ದನ್ನು ತಡಮಾಡಿಸೋ ಸೌಲಭ್ಯ) ಇರೋ ಸ್ಟೀರಿಯೊ ಆದರೆ ಇನ್ನೂ ಒಳ್ಳೆಯದು. ಸಬ್ಬನ್ನು ಮುಂದಕ್ಕೆ ಎಳೆಯೋಕೆ ಆಗಲ್ಲ, ಮುಂದಿನ ಡೋರ್ ಸ್ಪೀಕರ್‌ಗಳನ್ನು ತಡಮಾಡಿಸಬೇಕು. ಕಿವಿಯಿಂದ ಸಬ್‌ಗೆ 2.1 ಮೀಟರ್, ಬಲ ಡೋರ್‌ಗೆ 0.95, ಎಡಕ್ಕೆ 1.4 ಅಂತ ಇಟ್ಟುಕೊಂಡರೆ, ಮೀಟರ್‌ಗೆ 2.9 ಮಿಲಿಸೆಕೆಂಡ್ ಲೆಕ್ಕದಲ್ಲಿ ಬಲಕ್ಕೆ 3.3, ಎಡಕ್ಕೆ 2. ಇದು ಶುರುವಿನ ಅಂಕಿ ಅಷ್ಟೇ. ಫಿಲ್ಟರ್ ಕೂಡ ತನ್ನ ಪಾಲಿನ ತಡ ಸೇರಿಸುತ್ತೆ, ಹಾಗಾಗಿ ಮೈಕು ಇಟ್ಟು 60ರಿಂದ 100 ಹರ್ಟ್ಸ್‌ವರೆಗೆ ಅಳತೆಯ ಗೆರೆ ತುಂಬಿಕೊಳ್ಳುವ ತನಕ ಸ್ವಲ್ಪ ಸ್ವಲ್ಪ ಸರಿಸ್ತೀನಿ. ನನ್ನ ಹತ್ತಿರ ಇರೋದು ಯುಮಿಕ್-1 ಅನ್ನೋ ಅಳತೆಯ ಮೈಕು, ಲ್ಯಾಪ್‌ಟಾಪಿನಲ್ಲಿ ಆರ್‌ಇಡಬ್ಲ್ಯೂ ಅನ್ನೋ ಸದ್ದು ಅಳೆಯೋ ಸಾಫ್ಟ್‌ವೇರ್. ಮೊಬೈಲ್ ಆಪ್ ನಂಬಬೇಡಿ, ಅನೇಕ ಫೋನುಗಳ ಮೈಕು ಕೆಳಗಿನ ಬೇಸನ್ನು ಕತ್ತರಿಸಿಬಿಡುತ್ತೆ.

ಬಾಕ್ಸ್ ಸೀಲ್ಡ್ (ಪೂರ್ತಿ ಮುಚ್ಚಿದ್ದು), 18 ಮಿ.ಮೀ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ). ಒಳ ಅಳತೆ 30×30×24 ಸೆಂ.ಮೀ., ಅಂದರೆ 21.6 ಲೀಟರ್, ಮ್ಯಾಗ್ನೆಟ್ಟು, ಫ್ರೇಮು ಒಂದೂವರೆ ಲೀಟರ್ ನುಂಗುತ್ತೆ, ಉಳಿದದ್ದು 20 ಲೀಟರ್, 0.7 ಘನ ಅಡಿ. ಹೊರಗಡೆ 34×34×28ರೊಳಗೆ ಮುಗಿಯುತ್ತೆ. ಡಿಜೈರ್‌ನಂಥ ಸುಮಾರು 380 ಲೀಟರ್ ಡಿಕ್ಕಿಯಲ್ಲೂ ಎಡ ಮೂಲೆಗೆ ಸೇರಿಸಿದರೆ ಸೂಟ್‌ಕೇಸಿಗೆ ಜಾಗ ಉಳಿಯುತ್ತೆ. ಮೂಲೆಯೇ ಯಾಕೆ ಅಂದರೆ, ನಡುವೆ ಇಟ್ಟರೆ ಲಗೇಜು ಇಳಿಸೋ ಬಾಯಿಯೇ ಮುಚ್ಚಿಹೋಗುತ್ತೆ. ಬಾಕ್ಸನ್ನು ಎಷ್ಟು ಡಿಗ್ರಿ ಓರೆ ಮಾಡ್ತೀನಿ ಅನ್ನೋದನ್ನು ಇಲ್ಲಿ ಬರೆಯಲ್ಲ, ಅದು ಗಾಡಿಗೊಂದು ಬೇರೆ, ಹುಡುಕಿದವರಿಗೆ ಸಿಗುತ್ತೆ. ಲಿಡ್‌ಗೆ 10 ಸೆಂ.ಮೀ.ಗಿಂತ ಹತ್ತಿರ ಮಾತ್ರ ಹೋಗಬೇಡಿ. ಮೇಲಿನ ಬೇಸ್ ಕೆಸರಾಗುತ್ತೆ, ಲಿಡ್ ಅಲುಗೋದು ಹೆಚ್ಚುತ್ತೆ. ಕೋನ್ ಮೇಲೆ ಕಬ್ಬಿಣದ ಗ್ರಿಲ್ ಇರಲೇಬೇಕು.

ಪೋರ್ಟೆಡ್ ಬಾಕ್ಸಿಗೂ (ಗಾಳಿ ಆಡೋ ಕೊಳವೆ, ಅಂದರೆ ಪೋರ್ಟ್ ಇರೋದು) ದುಡ್ಡು ಸುರಿದು ನೋಡಿದೆ. 12 ಇಂಚು, 1.75 ಘನ ಅಡಿ, 33 ಹರ್ಟ್ಸ್‌ಗೆ ಟ್ಯೂನ್. ಚಿಕ್ಕ ಕ್ಯಾಬಿನ್ ತಾನೇ 60–70ರ ಕೆಳಗೆ ಬೇಸನ್ನು ಎತ್ತಿಕೊಡುತ್ತೆ. ಅದರ ಮೇಲೆ ಪೋರ್ಟ್ ಕೂಡ 33ರ ಆಸುಪಾಸಿನಲ್ಲಿ ಎತ್ತಿದರೆ ಎಲ್ಲ ಹಾಡಿಗೂ ಒಂದೇ ಗುಂಯ್. ಪೋರ್ಟ್ ಬಾಯಿ ಲಿಡ್‌ಗೆ ಹತ್ತಿರವಾಗಿ ಗಾಳಿಯ ಬುಸ್ ಸದ್ದು ಬೇರೆ. ಪೋರ್ಟಿನ ವ್ಯಾಸದಷ್ಟಾದರೂ ಎದುರಿಗೆ ಖಾಲಿ ಇರಬೇಕು, ಆ ಡಿಕ್ಕಿಯಲ್ಲಿ ಅಷ್ಟು ಜಾಗ ಇರಲಿಲ್ಲ. ಎಂಡಿಎಫ್, ಕಾರ್ಪೆಟ್, ಕೂಲಿ ಸೇರಿ ಐದಾರು ಸಾವಿರ ಹೋಯಿತು. ಸೀಲ್ಡ್ ಬಾಕ್ಸ್ ಕೆಳಗೆ ಇಳಿಯೋ ರೀತಿಗೂ ಕ್ಯಾಬಿನ್ ಎತ್ತೋ ರೀತಿಗೂ ಸರಿಹೊಂದುತ್ತೆ, ಡೊಳ್ಳಿನ ಗುಂಪು ನುಡಿದರೆ ಒಂದೊಂದು ಪೆಟ್ಟೂ ಬೇರೆ ಬೇರೆ ಕೇಳುತ್ತೆ. ನಾನು ಕೊನೆಗೆ ಕೇಳಿ ಒಪ್ಪೋದು ಡೊಳ್ಳನ್ನೇ.

ಇನ್ನು ಡಿಕ್ಕಿಯಿಂದ ಒಳಗೆ ಬರೋ ದಾರಿ. ಮಡಚದ ಸೀಟಿನ ಸೆಡಾನ್‌ಗಳಲ್ಲಿ ಪಾರ್ಸೆಲ್ ಟ್ರೇ (ಹಿಂದಿನ ಸೀಟಿಗೂ ಗಾಜಿಗೂ ನಡುವಿನ ಹಲಗೆ) ಬಿಟ್ಟರೆ ಒಳ್ಳೆ ದಾರಿಯಿಲ್ಲ. ಟ್ರೇ ಕೆಳಗಿನ ತಗಡಿನಲ್ಲಿ ತೂತು ಇದ್ದರೂ ಮೇಲೆ ರಟ್ಟು, ಕಾರ್ಪೆಟ್ ಮುಚ್ಚಿರುತ್ತೆ. ನನ್ನ ನಿಯಮ: ತೆರೆದ ಜಾಗ ಕೋನ್‌ನ ಜಾಗಕ್ಕಿಂತ ಕಡಿಮೆ ಇರಬಾರದು. 10 ಇಂಚಿನ ಕೋನ್ ಸುಮಾರು 340 ಚದರ ಸೆಂ.ಮೀ.; 6×9 ಇಂಚಿನ ಸ್ಪೀಕರ್ ಕೂರೋ ಎರಡು ತೂತು ತೆರೆದರೆ 540, ಸಾಕು. ಮೇಲೆ ಸ್ಪೀಕರ್ ಬಟ್ಟೆ ಎಳೆದರೆ ಹೊರಗೆ ಗೊತ್ತೂ ಆಗಲ್ಲ. ಸೀಟ್ ಬೆಲ್ಟಿನ ರೀಲ್ ಹತ್ತಿರ ಮಾತ್ರ ಕತ್ತರಿ ಹೋಗಬಾರದು. ಆ ತೂತುಗಳಲ್ಲಿ ಆಗಲೇ 6×9 ಸ್ಪೀಕರ್ ಕೂತಿದ್ದರೆ, ಸಬ್ಬಿನ ಒತ್ತಡ ಅವುಗಳ ಕೋನನ್ನು ಹಿಂದಿನಿಂದ ತಳ್ಳುತ್ತೆ, ಹಾಡುಗಾರನ ದನಿ ನಡುಗುತ್ತೆ. ಒಂದೋ ಹಿಂದೆ ಕಪ್ ಹಾಕಿ ಮುಚ್ಚಿ, ಇಲ್ಲಾ ತೆಗೆದುಬಿಡಿ. ನಾನು ತೆಗೀತೀನಿ.

ಡಿಕ್ಕಿಯೊಳಗೆ ಎರಡು ಇಂಚಿನ ಫೋಮು, ಮೊಟ್ಟೆ ಟ್ರೇ ಅಂಟಿಸೋದರಿಂದ ಬೇಸ್ ಬದಲಾಗಲ್ಲ. ಅದನ್ನೂ ಹಾಕಿ ಅಳೆದೆ, ಎರಡು ಗೆರೆ ಒಂದರ ಮೇಲೊಂದು ಕೂತವು. 50 ಹರ್ಟ್ಸ್ ಅಲೆ ಏಳು ಮೀಟರ್ ಉದ್ದ, ಅದಕ್ಕೆ ಎರಡು ಇಂಚು ಲೆಕ್ಕಕ್ಕೇ ಇಲ್ಲ. ದುಡ್ಡು ಹಾಕೋದಾದರೆ ಬ್ಯೂಟೈಲ್ ಶೀಟಿಗೆ (ತಗಡಿನ ನಡುಕ ತಡೆಯೋ ರಬ್ಬರಿನಂಥ ಅಂಟು ಹಾಳೆ) ಹಾಕಿ. 2 ಮಿ.ಮೀ. ಸಾಕು, ಪೂರ್ತಿ ಹೊದಿಸಬೇಕಿಲ್ಲ. ತಗಡು ತಟ್ಟಿ ನೋಡಿ, ಠಣ್ ಅನ್ನೋ ಜಾಗದ ನಡುವೆ ಮೂರನೇ ಒಂದು ಭಾಗ ಮುಚ್ಚಿದರೆ ಡಬ್ ಅಂತ ಸತ್ತ ಸದ್ದು ಬರುತ್ತೆ. ರೋಲರ್‌ನಿಂದ ಶೀಟಿನ ಮೇಲಿನ ಉಬ್ಬು ಅಚ್ಚು ಚಪ್ಪಟೆಯಾಗೋವರೆಗೆ ಒತ್ತಬೇಕು, ಇಲ್ಲವಾದರೆ ಬೇಸಿಗೆಯಲ್ಲಿ ಲಿಡ್‌ನಿಂದ ಜಾರಿ ಬೀಳುತ್ತೆ.

ಬಾಕ್ಸ್ ಹಿಂದಕ್ಕೆ ಹೋದ ಮೇಲೆ ಗಡಗಡ ಸದ್ದುಗಳು ಹೆಚ್ಚಾಗುತ್ತವೆ, ಅದು ನಿಜ. 30ರಿಂದ 80ರವರೆಗೆ ಟೋನನ್ನು ನಿಧಾನವಾಗಿ ಏರಿಸ್ತಾ, ಅಂಗೈಯನ್ನು ಒಂದೊಂದೇ ಭಾಗದ ಮೇಲೆ ಒತ್ತಿ. ಸದ್ದು ನಿಂತ ಜಾಗವೇ ಕಳ್ಳ. ಸ್ಟೆಪ್ನಿ ಗುಂಡಿಯಲ್ಲಿರೋ ಜ್ಯಾಕು, ಪಾನಾ ಮೊದಲು ಏಳುತ್ತವೆ, ಸಾಮಾನ್ಯವಾಗಿ 38–40ರಲ್ಲಿ. ಬಟ್ಟೆ ಸುತ್ತಿ ಬಿಗಿ ಮಾಡಿ. ಆಮೇಲೆ ಲಿಡ್ ಎತ್ತೋ ಟಾರ್ಷನ್ ರಾಡುಗಳು ಒಂದಕ್ಕೊಂದು ತಾಗೋ ಜಾಗ, ಲಿಡ್‌ನ ಒಳಗಿನ ವೈರು, ಹಿಂದಿನ ಗಾಜಿನ ಬುಡದಲ್ಲಿರೋ ಬ್ರೇಕ್ ಲೈಟು. ಇವಕ್ಕೆ ಬಟ್ಟೆ ಟೇಪು ಸಾಕು. ನಂಬರ್ ಪ್ಲೇಟು ಬೇರೆ ಕಥೆ. ಈಗಿನ ಎಚ್‌ಎಸ್‌ಆರ್‌ಪಿ ಲಾಕ್ ಇರೋದರಿಂದ ಬಿಚ್ಚೋ ಹಾಗಿಲ್ಲ. ಅಂಚಿನಿಂದ ತೆಳು ಫೋಮ್ ಪಟ್ಟಿಯನ್ನು ಸ್ಕೇಲಿನಿಂದ ಒಳಗೆ ತಳ್ಳಿ, ಕೆಳಗೆ ನೀರು ಇಳಿಯೋಕೆ ದಾರಿ ಬಿಡಿ. ಲಿಡ್ ಲಾಕಿನ ಹತ್ತಿರ ನಾನು ಇನ್ನೊಂದು ಕೆಲಸ ಮಾಡ್ತೀನಿ, ಅದು ನನ್ನ ಹತ್ತಿರವೇ ಇರಲಿ.

ವೈರಿಂಗ್‌ನಲ್ಲಿ ಒಂದೇ ಮಾತು. ಸಾವಿರ ಚಿಲ್ಲರೆಗೆ ಸಿಗೋ ಕಿಟ್‌ಗಳಲ್ಲಿ ಇರೋದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ, ಮೇಲೆ ದಪ್ಪ ಪ್ಲಾಸ್ಟಿಕ್. 30 ಆಂಪಿಯರ್ ಎಳೆದಾಗ ಐದು ಮೀಟರಿನಲ್ಲಿ ಅರ್ಧ ವೋಲ್ಟ್ ಅಲ್ಲೇ ಕರಗುತ್ತೆ. 4 ಗೇಜ್ ಪೂರ್ತಿ ತಾಮ್ರದ ಕೇಬಲ್ ಹಾಕಿ, 40 ಆಂಪಿಯರ್ ಫ್ಯೂಸ್ ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ, ಅರ್ಥಿಂಗ್‌ಗೆ ಪೇಂಟ್ ಕೆರೆದು ಬರಿ ತಗಡಿಗೆ ಬೋಲ್ಟ್. ಗೇನ್ (ಆಂಪ್ ಸದ್ದನ್ನು ಎಷ್ಟು ಎತ್ತಬೇಕು ಅನ್ನೋ ಗುಂಡಿ) ಕಿವಿಯಿಂದ ಇಡಬೇಡಿ: 2 ಓಮ್‌ಗೆ 300 ವ್ಯಾಟ್ ಅಂದರೆ ಮಲ್ಟಿಮೀಟರಿನಲ್ಲಿ 24.5 ವೋಲ್ಟ್ ಎಸಿ, 50 ಹರ್ಟ್ಸ್ ಟೋನಿಗೆ, ಸ್ಪೀಕರ್ ವೈರ್ ಬಿಚ್ಚಿಟ್ಟು.

ಖರ್ಚು ಅಂದಾಜಿನಲ್ಲಿ: ಸಬ್ 7 ಸಾವಿರ, ಮೊನೊ ಆಂಪ್ 9–10, ಕೇಬಲ್ 3, ಬ್ಯೂಟೈಲ್ 4, ಬಾಕ್ಸ್ 2ರಿಂದ ಎರಡೂವರೆ. ಎಂಡಿಎಫ್ ತುಂಡುಗಳನ್ನು ಬೆಂಗಳೂರಿನ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟಿನಲ್ಲಿ ಅಳತೆಗೆ ಕತ್ತರಿಸಿಕೊಂಡರೆ ಪೂರ್ತಿ ಶೀಟ್ ಕೊಳ್ಳೋದು ತಪ್ಪುತ್ತೆ. ಒಟ್ಟು 25–27 ಸಾವಿರ. 1200 ವ್ಯಾಟಿನ ದಾರಿ ಹಿಡಿದಿದ್ದರೆ ಆಂಪ್‌ ಒಂದಕ್ಕೇ ಅಷ್ಟು ಹೋಗ್ತಿತ್ತು.

ಬಾಕ್ಸನ್ನು ಬಿಗಿಯುವಾಗ ಡಿಕ್ಕಿ ನೆಲಕ್ಕೆ ಡ್ರಿಲ್ ಇಡೋ ಮೊದಲು ಗಾಡಿ ಕೆಳಗೆ ನುಗ್ಗಿ ನೋಡಿ, ಪೆಟ್ರೋಲ್ ಟ್ಯಾಂಕು, ಪೈಪುಗಳು ಅಲ್ಲೇ ಹಾದುಹೋಗಿರುತ್ತವೆ. ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಇದ್ದರೆ ಅದರ ಬ್ರಾಕೆಟ್‌ಗೆ ಏನನ್ನೂ ಕಟ್ಟಬಾರದು, ಪವರ್ ಕೇಬಲ್ ವಾಲ್ವಿನ ಕಡೆ ಹೋಗಬಾರದು; ಅಂಥ ಗಾಡಿಗೆ ಸೀಟಿನ ಕೆಳಗಿನ ಸಬ್ಬೇ ಸಾಕು. ಸದ್ಯಕ್ಕೆ ಎರಡೂ ಮೂಲೆಗೆ ಒಂದೊಂದು 8 ಇಂಚು, ತಲಾ 0.35 ಘನ ಅಡಿ ಹಾಕಿ ನೋಡ್ತಿದ್ದೀನಿ. ಎರಡು ಡಿಬಿಯಷ್ಟು ಹೆಚ್ಚು ಸಿಗ್ತಿದೆ, ಆದರೆ ಒಂದು ಬಾಕ್ಸ್ ಬಿಚ್ಚದೆ ಸ್ಟೆಪ್ನಿ ಹೊರಗೆ ಬರ್ತಿಲ್ಲ. ಕೈಯಲ್ಲೇ ತಿರುಗಿಸೋ ರೆಕ್ಕೆ ನಟ್ಟು (ವಿಂಗ್ ನಟ್) ಹಾಕಿ ಎರಡೇ ನಿಮಿಷದಲ್ಲಿ ಬಾಕ್ಸ್ ಈಚೆ ಬರೋ ಹಾಗೆ ಮಾಡೋ ಕೆಲಸ ನಡೀತಿದೆ.